ಎರವಲು ತಂದ ಭೂತ

ಬೆಂಗಳೂರಿನ ಬಿಳೇಕಹಳ್ಳಿಯ ಮುನಿವೆಂಕಟಮ್ಮನ ಕಿವಿಗೆ ಎರೆಭೂತಗಳ ಸುದ್ದಿ ಮೊದಲು ಬಿದ್ದದ್ದು ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದ ಒಂದು ಮಧ್ಯಾಹ್ನ. ಮಾರ್ಚ್ ತಿಂಗಳ ಬಿಸಿಲು, ಕರೆಂಟು ಬೇರೆ ಹೋಗಿತ್ತು. ಮೆಟ್ಟಿಲ ಕೆಳಗಿನ ನೆರಳಿನಲ್ಲಿ ಮೊರ ಇಟ್ಟುಕೊಂಡು ಬೀಜ ಒಂದು ಕಡೆ, ನಾರು ಒಂದು ಕಡೆ ಮಾಡುತ್ತಿದ್ದಳು. ಮೇಲಿನ ಮನೆಯ ಬಾಗಿಲು ತೆರೆದಿತ್ತು. ಹೊಸದಾಗಿ ಬಾಡಿಗೆಗೆ ಬಂದಿದ್ದ ಶಿವವ್ವ ಫೋನಿನಲ್ಲಿ ಮಾತಾಡುತ್ತಿದ್ದಳು. ಮಾತಾಡುತ್ತಿದ್ದಳು ಅಂದರೆ ತಪ್ಪಾದೀತು. ಫೋನೇ ಇಲ್ಲದಿದ್ದರೂ ತನ್ನೂರು ಸಿರುಗುಪ್ಪಕ್ಕೆ ಕೇಳಿಸುವ ಹಾಗೆ ಕೂಗುತ್ತಿದ್ದಳು.

“ಬಸವಂತಾ, ಎರೆಭೂತ ಹೆಂಗದಾವೋ? ಏನು, ಕಂಡಿಲ್ಲಾ? ಒಂದೂ ಕಂಡಿಲ್ಲಾ? ಅಯ್ಯ, ನಮ್ಮ ಹೊಲದಾಗ ದಿನಾ ಅಡ್ಡಾಡತಿದ್ದವಲ್ಲೋ! ಅವು ಹೋದಮ್ಯಾಲೆ ಅದೇನು ಊರೋ ನಿಮ್ದು? ನೋಡು, ಕಂಡ ತಕ್ಷಣ ನನಗ ಫೋನ್ ಹಚ್ಚು. ಇದ್ದ ಬಟ್ಟಿ ಮ್ಯಾಲೆ ಹೊಂಟು ಬರತೀನಿ.”

ಮುನಿವೆಂಕಟಮ್ಮನ ಕೈಯಲ್ಲಿದ್ದ ಹುಣಸೆಹಣ್ಣು ಕೈಯಲ್ಲೇ ಉಳಿಯಿತು. ಭೂತ ಅಂದರೆ ಹೆದರುವವರನ್ನು ಅವಳು ಕಂಡಿದ್ದಳು. ಬಿಟ್ಟು ತೊಲಗಲಿ ಅಂತ ಕೋಳಿ ಕೊಯ್ಯುವವರನ್ನೂ ಕಂಡಿದ್ದಳು. ಭೂತದ ಯೋಗಕ್ಷೇಮ ವಿಚಾರಿಸಿ, ಕಾಣಲಿಲ್ಲ ಅಂತ ಹಲುಬುವ ಹೆಂಗಸನ್ನು ಮಾತ್ರ ಈ ವಯಸ್ಸಿಗೆ ಇದೇ ಮೊದಲು ಕಂಡದ್ದು.

ಅದರಲ್ಲೂ ‘ಎರೆ’ ಅಂದರೇನು ಅಂತ ಅವಳಿಗೆ ತಿಳಿಯಲಿಲ್ಲ. ಅವಳಿಗೆ ಗೊತ್ತಿದ್ದ ಎರೆ ಅಂದರೆ ಮಳೆ ಬಂದಾಗ ಅಂಗಳದಲ್ಲಿ ಹರಿದಾಡುವ ಹುಳು. ಹುಳದ ಭೂತ ಯಾಕಿದ್ದೀತು? ಎರವಲು ಭೂತ ಅಂದಿರಬೇಕು, ತನಗೇ ಸರಿಯಾಗಿ ಕೇಳಿಸಲಿಲ್ಲ ಅಂದುಕೊಂಡಳು. ಪಕ್ಕದ ಮನೆಯಿಂದ ಕಾಫಿಪುಡಿ ಎರವಲು ತಂದ ಹಾಗೆ ಈ ಮಹಾತಾಯಿ ಯಾರದೋ ಭೂತವನ್ನು ಎರವಲು ತಂದಿದ್ದಾಳೆ, ಈಗ ಅದು ಕಳೆದುಹೋಗಿದೆ, ಹುಡುಕಿಸುತ್ತಿದ್ದಾಳೆ. ಊರಲ್ಲಿ ಕಾಣದಿದ್ದರೆ ಎಲ್ಲಿರಬೇಕು? ಇಲ್ಲೇ. ನಮ್ಮ ಮೇಲಿನ ಮನೆಯಲ್ಲೇ!

ಹುಣಸೆಹಣ್ಣನ್ನು ಹಾಗೇ ಬಿಟ್ಟು ತಮ್ಮನ ಮಗ ರವಿಕಿರಣನಿಗೆ ಫೋನು ಮಾಡಿದಳು. ರವಿಕಿರಣ್ ಬಿಟಿಎಂ ಲೇಔಟಿನಲ್ಲಿ ಮನೆ ಕಟ್ಟಿಸುವ ಕಂಟ್ರಾಕ್ಟರು. ದೊಡ್ಡ ಕಾರು, ಕಾರಿನ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ, ಮಣಿಕಟ್ಟಿಗೆ ಕೆಂಪು, ಕಪ್ಪು, ಹಳದಿ ದಾರ. ಕಾರ್ಪೊರೇಷನ್ ಆಫೀಸಿನವರು ನೋಟಿಸು ಕೊಟ್ಟರೆ ನಕ್ಕು ಜೇಬಿಗೆ ಹಾಕಿಕೊಳ್ಳುವ ಆಸಾಮಿ, ಬೆಕ್ಕು ಅಡ್ಡ ಬಂದರೆ ಗಾಡಿ ತಿರುಗಿಸಿಬಿಡುತ್ತಿದ್ದ.

“ಅತ್ತೆ, ನೀವು ಮೇಲೆ ಹೋಗ್ಬೇಡಿ. ನಾನು ಮುನೇಶ್ವರನ ಪೂಜಾರೀನ ಕಳಿಸ್ತೀನಿ,” ಅಂದ.

ಪೂಜಾರಿ ಬಂದ. ಗೇಟಿಗೆ ನಿಂಬೆಹಣ್ಣು ಕಟ್ಟಿದ, ಮೆಟ್ಟಿಲಿಗೆ ಅರಿಶಿನದ ನೀರು ಚಿಮುಕಿಸಿದ, ಬೂದುಗುಂಬಳಕಾಯಿ ಒಡೆದ. ಅದೇ ಹೊತ್ತಿಗೆ ಶಿವವ್ವ ತಲೆ ಮೇಲೆ ರೊಟ್ಟಿ ಬುಟ್ಟಿ ಹೊತ್ತು ಕೆಳಗೆ ಇಳಿದು ಬಂದಳು. ಒಡೆದ ಕುಂಬಳಕಾಯಿ ನೋಡಿ, “ಯಾರಿಗೆ ದೃಷ್ಟಿ ಆಗೇತಬೇ ಯಕ್ಕಾ?” ಅಂತ ಕನಿಕರದಿಂದ ಕೇಳಿದಳು.

ಮುನಿವೆಂಕಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ನೋಡಮ್ಮಾ, ನಾನು ನೇರ ಮಾತಿನೋಳು. ಈ ಮನೇಲಿ ಭೂತ ಸಾಕೋ ಹಾಗಿಲ್ಲ. ನಾಯಿ ಆಗಿದ್ರೆ ಬೇರೆ ಮಾತು.”

“ಭೂತಾ?”

“ಎರವಲು ಭೂತ. ನಾನೇ ಕಿವಿಯಾರ ಕೇಳಿಸಿಕೊಂಡಿದ್ದೀನಿ. ಯಾರ ಹತ್ರ ತಂದ್ಯೋ ಅವರಿಗೇ ವಾಪಸ್ ಕೊಟ್ಬುಡು.”

ಶಿವವ್ವ ಒಂದು ಗಳಿಗೆ ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ಬುಟ್ಟಿ ಇಳಿಸಿ, ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕಳು ನೋಡಿ, ಆ ನಗೆಗೆ ಪೂಜಾರಿ ಎರಡು ಹೆಜ್ಜೆ ಹಿಂದೆ ಸರಿದು, ಯಾರ ಮಾತೂ ತನ್ನ ಕಿವಿಗೆ ಬೀಳದಷ್ಟು ಮಂತ್ರ ಜೋರು ಮಾಡಿದ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದ ಮೇಲೆ ಅಂದಳು: “ಅದು ಹಕ್ಕಿಬೇ ಯಕ್ಕಾ! ಎರೆ ಅಂದ್ರ ನಮ್ಮ ಕಡೆ ಕಪ್ಪು ಮಣ್ಣು. ಆ ಹೊಲದಾಗ ಇರೋ ಹಕ್ಕಿ ಎರೆಭೂತ.”

“ಹಕ್ಕಿಗೆ ಯಾರಾದ್ರೂ ಭೂತ ಅಂತ ಹೆಸರಿಡ್ತಾರಾ?”

“ನೋಡಿದ್ರ ನೀನೂ ಅದನ್ನ ಇಡ್ತಿದ್ದಿ.”

ಹಾಗೆಂದವಳೇ ಎದ್ದು, ಕತ್ತು ನೆಟ್ಟಗೆ ಮಾಡಿ, ಗಲ್ಲ ಮೇಲೆತ್ತಿ, ಇಳಕಲ್ ಸೀರೆಯ ನೆರಿಗೆ ಹಿಡಿದು ಅಂಗಳದಲ್ಲಿ ಗತ್ತಿನಿಂದ ನಡೆದು ತೋರಿಸಿದಳು. ಸೊಂಟದೆತ್ತರದ ಹಕ್ಕಿಯಂತೆ. ಹಾರಲು ಬಂದರೂ ನಡೆಯುವುದೇ ಅದಕ್ಕೆ ಇಷ್ಟವಂತೆ, ದೊಡ್ಡ ಮನೆಯ ಯಜಮಾನ ಹೊಲ ನೋಡಲು ಬಂದ ಹಾಗೆ. ಹೆಣ್ಣಿಗೆ ಕೇಳಲಿ ಅಂತ ಗಂಡು ಕತ್ತಿನ ಚೀಲ ಉಬ್ಬಿಸಿ ಗುಂಯ್ಗುಡುವುದಂತೆ. ಅದನ್ನೂ ಮಾಡಿ ತೋರಿಸಿದಳು. ಎರಡೂ ಕೆನ್ನೆ ಉಬ್ಬಿಸಿ ಹೊಟ್ಟೆಯಾಳದಿಂದ “ಹೂಂಂಂ” ಅಂದಾಗ ಪೂಜಾರಿ ದಕ್ಷಿಣೆ ಮರೆತು ಗೇಟು ದಾಟಿದ್ದ. ಸಂಜೆಗತ್ತಲಲ್ಲಿ ಜನರಿಲ್ಲದ ಬಯಲಲ್ಲಿ ಇಂಥದೊಂದು ನಡೆದು ಬಂದರೆ ಭೂತ ಅನ್ನದೆ ಇನ್ನೇನು ಅನ್ನಬೇಕು?

ಮುನಿವೆಂಕಟಮ್ಮನಿಗೆ ನಾಚಿಕೆಯಾಯಿತು. ಅದನ್ನು ತೋರಿಸಿಕೊಳ್ಳುವ ಜಾಯಮಾನ ಅವಳದಲ್ಲ. “ಕುಂಬಳಕಾಯಿ ಒಡೆದಾಯ್ತು. ಹೆಂಗೂ ಇರ್ಲಿ, ಒಳ್ಳೇದೇ,” ಅಂದಳು. ರವಿಕಿರಣನಿಗೆ ಮಾತ್ರ ಅದು ಹಕ್ಕಿ ಅಂತ ಹೇಳಲಿಲ್ಲ. ಹೇಳಿದರೆ ವರ್ಷವಿಡೀ ಆಡಿಕೊಳ್ಳುತ್ತಾನೆ.

ಅಲ್ಲಿಂದ ಇಬ್ಬರಿಗೂ ಸ್ನೇಹ ಕುದುರಿತು. ಶಿವವ್ವ ಮಗಳು ಭಾಗ್ಯಜ್ಯೋತಿಯ ಜೊತೆ ಬೆಂಗಳೂರಿಗೆ ಬಂದವಳು. ಮಗಳು ಬಿಟಿಎಂನ ಒಂದು ಆಫೀಸಿನಲ್ಲಿ ಕೆಲಸ ಮಾಡಿದರೆ, ತಾಯಿ ಆ ಕಡೆಯ ರೂಮುಗಳಲ್ಲಿ ಅನ್ನ ತಿಂದು ತಿಂದು ಬೇಸತ್ತ ಉತ್ತರ ಕರ್ನಾಟಕದ ಹುಡುಗರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಬೆಳಗ್ಗೆ ಮೇಲಿನ ಮನೆಯಿಂದ ಪಟಪಟ ಸದ್ದು ಶುರುವಾದರೆ ಕೆಳಗೆ ಮುನಿವೆಂಕಟಮ್ಮ ಹಾಲು ಕಾಯಿಸಲು ಏಳುತ್ತಿದ್ದಳು. ಶಿವವ್ವನಿಗೆ ಒಂದು ವಿಚಿತ್ರ ನೇಮವಿತ್ತು. ಸುಳ್ಳು ಹೇಳುತ್ತಿರಲಿಲ್ಲ, ಆದರೆ ನಿಜವನ್ನೂ ಪೂರ್ತಿ ಹೇಳುತ್ತಿರಲಿಲ್ಲ. “ರೊಟ್ಟಿ ಇವತ್ತಿಂದಾ ಆಂಟಿ?” ಅಂತ ಯಾರಾದರೂ ಕೇಳಿದರೆ, “ಜೋಳ ಬೀಸಿದ್ದು ಯಾವಾಗ ಅಂತ ಕೇಳಪಾ,” ಅನ್ನುತ್ತಿದ್ದಳು. ಅವರು ಕೇಳುತ್ತಿದ್ದರು. ಇವಳು ಹೇಳುತ್ತಿದ್ದಳು. ರೊಟ್ಟಿಯ ವಿಷಯ ಅಲ್ಲಿಗೆ ಮರೆತುಹೋಗುತ್ತಿತ್ತು.

ಸಂಜೆ ಇಬ್ಬರೂ ಮಾಳಿಗೆಯ ಮೇಲೆ ಕೂತು ಇಲ್ಲವಾದವುಗಳ ಲೆಕ್ಕ ತೆಗೆಯುತ್ತಿದ್ದರು. ಮುನಿವೆಂಕಟಮ್ಮ ಮದುವೆಯಾಗಿ ಬಂದಾಗ ಬಿಳೇಕಹಳ್ಳಿಯ ಸುತ್ತ ರಾಗಿ ಹೊಲ, ಕತ್ತಲಾದರೆ ನರಿ ಊಳಿಡುತ್ತಿತ್ತು. ದನ ಸತ್ತರೆ ಊರಾಚೆ ಎಸೆಯುವುದೇ ತಡ, ರಣಹದ್ದುಗಳು ಬೀಗರ ಮನೆ ಊಟಕ್ಕೆ ಬಂದವರ ಹಾಗೆ ಸಾಲಾಗಿ ಇಳಿಯುತ್ತಿದ್ದವು.

“ಆ ಹದ್ದುಗಳು ಎಲ್ಲಿಗೆ ಹೋದ್ವೋ, ಒಂದಿನ ನೋಡಿದ್ರೆ ಇಲ್ಲವೇ ಇಲ್ಲ,” ಅಂದಳು.

ಫೋನು ನೋಡುತ್ತಿದ್ದ ಭಾಗ್ಯಜ್ಯೋತಿ ತಲೆಯೆತ್ತಿದಳು. “ದನಕ್ಕ ನೋವಿಗೆ ಅಂತ ಒಂದು ಔಷಧಿ ಕೊಡ್ತಿದ್ರು ಆಂಟಿ. ಆ ದನ ತಿಂದ ಹದ್ದು ಕಿಡ್ನಿ ಹೋಗಿ ಸತ್ವು. ಈಗ ದನಕ್ಕ ಅದನ್ನ ಕೊಡಬಾರದು ಅಂತ ಮಾಡ್ಯಾರ. ರಾಮನಗರದ ಬೆಟ್ಟದಾಗ ಒಂದಿಷ್ಟು ಉಳದಾವಂತ.”

“ಮತ್ತೆ ಟೀವೀಲಿ ತೋರಿಸಿದ್ರಲ್ಲ, ಆ ಚೀತಾ?”

“ಅವು ನಮ್ಮ ದೇಶದಾಗ ಪೂರಾ ಹೋಗಿದ್ವು. ಆಫ್ರಿಕಾದಿಂದ ವಿಮಾನದಾಗ ತಂದ್ರು.”

“ನೋಡಿದ್ಯಾ ಶಿವವ್ವಾ, ಮನೇಲಿದ್ದಾಗ ಗುಂಡು ಹೊಡೆದ್ರು, ಮನೆ ಬಿಟ್ಟ ಮೇಲೆ ಟಿಕೆಟ್ ತೆಗೆದು ಕರೆಸಿದ್ರು. ನಮ್ಮ ಮೈದುನ ಹೆಂಡ್ತಿ ಜೊತೆ ಮಾಡಿದ ಹಂಗೇ ಆಯ್ತು.”

ರಾಜಸ್ಥಾನದಲ್ಲಿ ಎರೆಭೂತದ ಮೊಟ್ಟೆ ತಂದು ಮಿಷನ್ನಿನಲ್ಲಿಟ್ಟು ಕಾವು ಕೊಡುತ್ತಾರೆ, ಮರಿಗೆ ಮನುಷ್ಯರೇ ಗುಟುಕು ಕೊಟ್ಟು ಸಾಕುತ್ತಾರೆ ಅಂತಲೂ ಭಾಗ್ಯಜ್ಯೋತಿ ತೋರಿಸಿದಳು. ಶಿವವ್ವ ಆ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. “ಬಾಣಂತನ ಸರಕಾರದ್ದು. ಚಲೋ ಆತು,” ಅಂತ ನಕ್ಕಳು. ನಗು ಎಂದಿನಷ್ಟು ಜೋರಿರಲಿಲ್ಲ.

ಅವತ್ತೇ ಅವಳು ಗಂಡನ ಮಾತು ತೆಗೆದದ್ದು. ಮದುವೆಯಾದ ಹೊಸದರಲ್ಲಿ ಗಂಡ ದ್ಯಾಮಣ್ಣ ನೇಗಿಲು ಹೊಡೆಯುವಾಗ ಹೊಲದ ನಡುವೆ ಒಂದೇ ಒಂದು ತತ್ತಿ ಕಂಡನಂತೆ. ಎರೆಭೂತ ಸಲಕ್ಕೆ ಒಂದೇ ಇಡುವುದು, ಅದೂ ಗೂಡಿಲ್ಲದೆ ಬರಿ ನೆಲದ ಮೇಲೆ. ದ್ಯಾಮಣ್ಣ ಅಷ್ಟು ಜಾಗ ಬಿಟ್ಟು ಸುತ್ತ ಉತ್ತ. ಊರವರು ಹೆಂಡತಿಗೆ ಹೆದರಿ ವಕ್ರ ಗೆರೆ ಹೊಡೆದ ಅಂತ ಆಡಿಕೊಂಡರು. ದಿನಾ ಬುತ್ತಿ ಒಯ್ದಾಗ ಶಿವವ್ವ ದೂರದಿಂದ ನೋಡಿ ಬರುತ್ತಿದ್ದಳು. ಇನ್ನೇನು ಮರಿ ಆಗಬೇಕು, ಊರ ನಾಯಿಗಳು ಬಂದು ತಿಂದು ಹೋದವು. ಆಮೇಲೆ ಕಾಲುವೆ ಬಂತು, ಬಯಲೆಲ್ಲ ಭತ್ತದ ಗದ್ದೆಯಾಯಿತು, ಕರೆಂಟಿನ ತಂತಿ ಬಂತು. ಮೈಭಾರದ ಹಕ್ಕಿಗಳು, ಎದುರಿಗಿನ ತಂತಿ ಕಾಣದೆ ಬಡಿದುಕೊಂಡು ಬೀಳುತ್ತಿದ್ದವು. ದ್ಯಾಮಣ್ಣನೂ ಹೋದ.

“ತತ್ತಿ ನೋಡೀನಿ ಯಕ್ಕಾ. ಮರಿ ನೋಡಿಲ್ಲ. ಅದೊಂದು ಉಳದೈತಿ ನೋಡು ನಂದು,” ಅಂದಳು.

ಮುನಿವೆಂಕಟಮ್ಮನ ಮನೆಯ ಪಕ್ಕದಲ್ಲೇ ಅವಳದೇ ಒಂದು ಖಾಲಿ ಸೈಟು. ಆ ರಸ್ತೆಗೆ ಅದೊಂದೇ ಉಳಿದದ್ದು. ಎದುರಿಗೆ ರಸ್ತೆಯಾಚೆ ದೊಡ್ಡ ಕಾಲೇಜಿನ ಕಲ್ಲುಗೋಡೆ, ಗೋಡೆಯೊಳಗೆ ಮರಗಳು. ಸೈಟಿನಲ್ಲಿ ರವಿಕಿರಣ್ ಮನೆ ಕಟ್ಟಿಸಬೇಕು ಅಂತ ಮಾತಾಗಿ, ಒಂದು ಲೋಡು ಜಲ್ಲಿಯೂ ಬಂದು ಬಿದ್ದಿತ್ತು. ಶಿವವ್ವ ಸೊಪ್ಪು ಕೀಳಲು ಅಲ್ಲಿಗೆ ಹೋಗುತ್ತಿದ್ದಳು. ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ, ಸೊಪ್ಪೂ ಇಲ್ಲ ಬುಟ್ಟಿಯೂ ಇಲ್ಲ, ಸೆರಗು ಜಾರಿದ್ದೂ ಗೊತ್ತಿಲ್ಲದೆ ಓಡಿ ಬಂದಳು.

“ಯಕ್ಕಾ, ಬಾಬೇ, ಬಾ! ಮೆಲ್ಲಕ ಬಾ!”

ಚೆಲ್ಲಿದ ಜಲ್ಲಿಯ ನಡುವೆ, ಜಲ್ಲಿಯ ಬಣ್ಣದವೇ ಆದ ನಾಲ್ಕು ಮೊಟ್ಟೆ. ಬೊಟ್ಟು ಮಾಡಿ ತೋರಿಸಿದರೂ ಮುನಿವೆಂಕಟಮ್ಮನಿಗೆ ಕಾಣಲಿಲ್ಲ, ಇನ್ನೊಂದು ಹೆಜ್ಜೆ ಇಟ್ಟಿದ್ದರೆ ತುಳಿಯುತ್ತಿದ್ದಳು. ಅಷ್ಟರಲ್ಲಿ ಉದ್ದ ಹಳದಿ ಕಾಲಿನ, ಕಣ್ಣ ಮುಂದೆ ಕೆಂಪು ತೊಗಲಿನ ಹಕ್ಕಿಯೊಂದು ಕಿರುಚುತ್ತಾ ಅವಳ ತುರುಬಿನ ಮೇಲೇ ಎರಗಿತು.

“ಟಿಟ್ಟಿಭ ಕಣೇ!” ಅಂದಳು ಮುನಿವೆಂಕಟಮ್ಮ ತಲೆ ಬಗ್ಗಿಸಿ. “ರಾಗಿ ಹೊಲದಲ್ಲಿ ಇರ್ತಿದ್ವು. ನನ್ನ ಜಾಗದಲ್ಲಿ ನನಗೇ ಬೈತದಲ್ಲೇ, ಇದರ ಕೊಬ್ಬು ನೋಡು!”

ಶಿವವ್ವ ಬೈಗುಳ ಕೇಳಿಸಿಕೊಳ್ಳಲೇ ಇಲ್ಲ. “ಇವೂ ನೆಲದ ಮ್ಯಾಲೆ ಇಟ್ಟಾವ ನೋಡು. ಗೂಡಿಲ್ಲ ಪಾಡಿಲ್ಲ. ನಮ್ಮ ಎರೆಭೂತದಂಗ.” ಮುದುಕಿಯ ಮುಖ ಮದುವಣಗಿತ್ತಿಯ ಹಾಗೆ ಅರಳಿತ್ತು. ಈ ಸಲ ಮರಿ ನೋಡಿಯೇ ತೀರಬೇಕು ಅಂತ ಅವಳು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ತೊಂದರೆ ಅಂದರೆ ಜೆಸಿಬಿ ಬರುವುದು ಸೋಮವಾರ ಅಂತ ಗೊತ್ತಾಗಿತ್ತು.

ಮೊದಲು ನಿಜವನ್ನೇ ಹೇಳಿ ನೋಡಿದಳು ಮುನಿವೆಂಕಟಮ್ಮ. “ರವೀ, ಸೈಟಲ್ಲಿ ಹಕ್ಕಿ ಮೊಟ್ಟೆ ಇಟ್ಟೈತೆ ಕಣೋ. ಮರಿ ಆಗೋವರೆಗೂ, ಒಂದು ತಿಂಗಳು ಬುಡು.”

“ಎಷ್ಟು ಮೊಟ್ಟೆ ಅತ್ತೆ?”

“ನಾಲ್ಕು.”

“ಹಂಗಾದ್ರೆ ಡಬಲ್ ಆಮ್ಲೆಟ್ ಎರಡು ಆಗುತ್ತೆ,” ಅಂತ ನಕ್ಕ. “ಅತ್ತೆ, ಮುಹೂರ್ತ ಇಟ್ಟಾಗಿದೆ. ಹಕ್ಕಿಗೆ ಬೇಕಾದ್ರೆ ಬೇರೆ ಸೈಟ್ ನೋಡೋಣ, ಸಾರಕ್ಕಿ ಕೆರೆ ಹತ್ರ ಲೇಕ್ ವ್ಯೂ.”

ಮೊಟ್ಟೆಯನ್ನು ಬುಟ್ಟಿಯಲ್ಲಿ ಎತ್ತಿ ಮಾಳಿಗೆ ಮೇಲಿಟ್ಟರೆ ಹೇಗೆ ಅಂತ ಮುನಿವೆಂಕಟಮ್ಮ ಕೇಳಿದಳು. ಜಾಗ ಬದಲಾದರೆ ತಾಯಿ ಬಿಟ್ಟೇ ಹೋಗುತ್ತದೆ ಅಂದಳು ಶಿವವ್ವ. ಅಂದು ರೊಟ್ಟಿ ಬಡಿಯುವ ಸದ್ದಿನಲ್ಲಿ ತಾಳವೇ ಇರಲಿಲ್ಲ. ಒಂದು ರೊಟ್ಟಿ ಸೀದೂ ಹೋಯಿತು.

ಭಾನುವಾರ ಸಂಜೆ ರವಿಕಿರಣನ ಫೋನು ಬಂತು. ಜೆಸಿಬಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಹೇಳಿ, ಇಡುವ ಮುಂಚೆ ದನಿ ತಗ್ಗಿಸಿದ. “ಅಂದ್ಹಾಗೆ ಅತ್ತೆ, ಅವತ್ತು ಮೇಲಿನ ಮನೇಲಿ ಇದೆ ಅಂದ್ರಲ್ಲ, ಆ ಅದು... ಹೋಯ್ತಾ? ಪೂಜಾರಿ ಏನೋ ಗುಂಯ್ ಅನ್ನೋ ಸದ್ದು ಕೇಳಿಸ್ತು ಅಂತಿದ್ದ. ನಾಳೆ ಕೆಲಸ ಶುರು, ಅದಕ್ಕೇ ಕೇಳ್ದೆ.”

ಮುನಿವೆಂಕಟಮ್ಮ ಎದುರಿಗೆ ಕೂತಿದ್ದ ಶಿವವ್ವನನ್ನು ನೋಡಿದಳು. ಆ ಬಾಡಿದ ಮುಖ ನೋಡಿದಳು. ಕಿಟಕಿಯಾಚೆಯ ಸೈಟು ನೋಡಿದಳು. ನಾಲಿಗೆ ತಾನಾಗಿಯೇ ಆಡಿಬಿಟ್ಟಿತು.

“ಮೇಲಿನ ಮನೇಲಿ ಇಲ್ಲ ಕಣೋ ಈಗ.”

“ಉಸ್ಸಪ್ಪ!”

“ಸೈಟಿಗೆ ಇಳಿದೈತೆ, ಎರೆಭೂತ.”

ಫೋನಿಟ್ಟ ಮೇಲೆ ಶಿವವ್ವ ಕಣ್ಣರಳಿಸಿ, “ಸುಳ್ಳು ಹೇಳಿದೇನಬೇ?” ಅಂದಳು.

“ನಿನ್ನ ಎರೆಭೂತ ನೆಲದ ಮೇಲೆ ಮೊಟ್ಟೆ ಇಡೋದು ತಾನೇ? ಇದೂ ಇಟ್ಟಿರೋದು ನೆಲದ ಮೇಲೇ. ನಿಂದು ಎರೆಯದು, ಇದು ನಮ್ಮ ಕೆಮ್ಮಣ್ಣಿನದು. ನಿಮ್ಮ ಭೂತದ ಹೆಸರನ್ನ ನಾಲ್ಕು ದಿನ ಎರವಲು ತಗೊಂಡಿದ್ದೀನಿ, ಅಷ್ಟೇ.”

ಶಿವವ್ವ ಯೋಚನೆ ಮಾಡಿದಳು. “ಹಂಗಾದ್ರ ನಾನೂ ಎರಡು ಮಾತು ಆಡಬಹುದು. ಖರೇದು ಮಾತ್ರ,” ಅಂದಳು. ಮುಖಕ್ಕೆ ಕಳೆ ವಾಪಸು ಬಂತು.

ನಂಬದಿರಲೂ ಆಗದೆ, ನಂಬಲೂ ಆಗದೆ ರವಿಕಿರಣ್ ಅಂದೇ ಮುಸ್ಸಂಜೆಗೆ ಕಾರು ತಂದ. ಬೀದಿದೀಪ ಹೊತ್ತುವ ಮುಂಚಿನ ಮಬ್ಬು. ಸೈಟಿಗೆ ಕಾಲಿಟ್ಟು ನಾಲ್ಕು ಹೆಜ್ಜೆ ನಡೆದಿರಲಿಕ್ಕಿಲ್ಲ, ನೆಲದಿಂದಲೇ ಎದ್ದ ಹಾಗೆ ಏನೋ ಒಂದು ಚೀರಿಕೊಂಡು ಅವನ ಕಿವಿ ಸವರಿ ಹೋಯಿತು. ತಿರುಗಿದ, ಹಿಂದಿನಿಂದ ಇನ್ನೊಂದು. ಜೇಪಿ ನಗರದ ಅಪಾರ್ಟ್‌ಮೆಂಟಿನಲ್ಲಿ ಬೆಳೆದವನು, ಪಾರಿವಾಳ ಕಾಗೆ ಬಿಟ್ಟು ಬೇರೆ ಹಕ್ಕಿಯಿಂದ ಬೈಸಿಕೊಂಡು ಗೊತ್ತಿಲ್ಲ. ಅದೇ ಗಳಿಗೆಗೆ ಮಾಳಿಗೆಯ ಮೇಲಿಂದ ಹೊಟ್ಟೆಯಾಳದ ಒಂದು “ಹೂಂಂಂ” ಬಂತು. ಶಿವವ್ವ ಬಟ್ಟೆ ತೆಗೆಯಲು ಹೋಗಿದ್ದವಳು ಗಂಟಲು ಸರಿ ಮಾಡಿಕೊಂಡಳಂತೆ. ಖರೇನೇ ಇರಬೇಕು. ರವಿಕಿರಣನ ಒಂದು ಚಪ್ಪಲಿ ಸೈಟಿನಲ್ಲೇ ಉಳಿಯಿತು.

ಆದರೂ ಕಂಟ್ರಾಕ್ಟರು ಕಂಟ್ರಾಕ್ಟರೇ. ಮುಹೂರ್ತ ತಪ್ಪಬಾರದು ಅಂತ ಬೆಳಗ್ಗೆ ಜೆಸಿಬಿಯ ಜೊತೆಗೆ ಪೂಜಾರಿಯನ್ನೂ ಕರೆದುಕೊಂಡು ಬಂದ. ಜೆಸಿಬಿಯ ಚಕ್ರಕ್ಕೆ ನಿಂಬೆಹಣ್ಣು ಇಡಿಸಿದ. ಇಬ್ಬರು ಮುದುಕಿಯರೂ ಸೈಟಿನ ಅಂಚಿಗೆ ಬಂದು ನಿಂತರು. ಶಿವವ್ವನ ಕೈ ಸೆರಗಿನ ಚುಂಗನ್ನು ಹಿಂಡುತ್ತಿತ್ತು.

ಡ್ರೈವರು ನಿಂಗರಾಜ ಮೇಲೆ ಕೂತೇ ಕೇಳಿದ, “ಏನ್ ಸಾರ್, ಪೂಜಿ ಬಾಳ ಜೋರೈತಿ?”

ರವಿಕಿರಣ್ ಅತ್ತಿತ್ತ ನೋಡಿ, “ಏನಿಲ್ಲಪ್ಪಾ, ಇಲ್ಲೊಂದು... ಎರೆಭೂತ ಇದೆ ಅಂತಾರೆ,” ಅಂದ.

“ಎರೆಭೂತಾ?” ನಿಂಗರಾಜ ಬಾಯಿತುಂಬಾ ನಕ್ಕ. “ಸಾರ್, ನಮ್ಮ ಕಡೆ ಅದಕ್ಕ...”

ಮುನಿವೆಂಕಟಮ್ಮ ಹಣೆ ಚಚ್ಚಿಕೊಂಡಳು. ಇಷ್ಟು ದೊಡ್ಡ ಬೆಂಗಳೂರಿನಲ್ಲಿ, ಇಷ್ಟು ಜೆಸಿಬಿಗಳಲ್ಲಿ, ಶಿವವ್ವನ ಕಡೆಯವನೇ ಬರಬೇಕೇ!

ಶಿವವ್ವ ಅವನ ಮಾತನ್ನು ನಡುವೆಯೇ ಹಿಡಿದಳು. “ಯಾವೂರಪಾ ತಮ್ಮಾ ನಿಂದು?”

“ತೆಕ್ಕಲಕೋಟಿಬೇ.”

“ಹೌದೇನು! ಎರೆಭೂತ ನೋಡೀಯೇನು?”

“ನಾ ಎಲ್ಲಿ ನೋಡ್ಲಿ ಯವ್ವಾ. ನಮ್ಮಜ್ಜ ನೋಡಿದ್ದ. ಹೇಳ್ತಿದ್ದ.”

“ಮಕ್ಕಳದಾವೇನು ನಿನಗ?”

“ಮಗ ಅದಾನ.”

“ಅವ ನೋಡತಾನೇನು?”

ನಿಂಗರಾಜ ಗೇರಿನ ಮೇಲಿಂದ ಕೈ ತೆಗೆದ. ಶಿವವ್ವ ಗಲ್ಲದಿಂದಲೇ ಜಲ್ಲಿಯ ಕಡೆ ತೋರಿಸಿದಳು. ಎತ್ತರದ ಸೀಟಿನಿಂದ ಅವನಿಗೆ ಚೆನ್ನಾಗಿ ಕಂಡಿತು. ಟಿಟ್ಟಿಭ ಮೊಟ್ಟೆಗಳ ಮೇಲೆ ರೆಕ್ಕೆ ಹರಡಿ ಕೂತು, ಅಷ್ಟು ದೊಡ್ಡ ಯಂತ್ರದ ಮುಂದೆ ಕದಲದೆ, ಕೊಕ್ಕು ತೆರೆದು ಬೈಯುತ್ತಿತ್ತು. ಅವನು ಹಕ್ಕಿ ನೋಡಿದ, ಶಿವವ್ವನನ್ನು ನೋಡಿದ, ರವಿಕಿರಣನ ಕೈಯ ಬಣ್ಣಬಣ್ಣದ ದಾರ ನೋಡಿದ. ಎಲ್ಲಾ ಅರ್ಥವಾಗಿ, ಮೀಸೆ ಒಮ್ಮೆ ಅದುರಿತು. ಇಂಜಿನ್ ಆರಿಸಿದ.

“ಸಾರ್, ಎರೆಭೂತ ಇದ್ದ ಹೊಲದಾಗ ನಮ್ಮಜ್ಜ ನೇಗಿಲು ಇಳಸ್ತಿದ್ದಿಲ್ಲ. ನಾನೂ ಗಾಡಿ ಇಳಸಂಗಿಲ್ಲ.”

“ಇಳಿಸಿದ್ರೆ ಏನಾಗುತ್ತಯ್ಯಾ?”

“ಏನಾಗತೈತಿ ಅನ್ನೋದು ನಮ್ಮೂರಾಗ ಕಣ್ಣಾರೆ ನೋಡೀನಿ ಸಾರ್. ಒಂದೂ ಉಳಿಯಂಗಿಲ್ಲ.”

“ಒಂದೂ?”

“ಮರೀನೂ ಉಳಿಯಂಗಿಲ್ಲ.”

ರವಿಕಿರಣನಿಗೆ ಇಬ್ಬರು ಮಕ್ಕಳು. ಮುಖ ಬಿಳಿಚಿತು. ಪೂಜಾರಿ ಕೂಡ ಮುಂದಿನ ತಿಂಗಳು ಇದಕ್ಕಿಂತ ಒಳ್ಳೆಯ ಮುಹೂರ್ತ ಇದೆ ಅಂತ ತಕ್ಷಣ ಕಂಡುಹಿಡಿದ. ಜೆಸಿಬಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಹೋಗುವಾಗ ನಿಂಗರಾಜ ಶಿವವ್ವನಿಗೆ ಎರಡೂ ಕೈ ಎತ್ತಿ ಮುಗಿದ, ಅದನ್ನು ಕಂಡ ರವಿಕಿರಣ್ ಅವಳಿಗೂ ಒಂದು ನಮಸ್ಕಾರ ಹಾಕಿದ. ಭೂತ ಅವಳ ಮಾತು ಕೇಳುತ್ತದೆ ಅಂತ ಅವನ ಲೆಕ್ಕ.

ಆಮೇಲೆ ನಡೆದದ್ದು ಕಾವಲು. ಬೀದಿನಾಯಿ ಬಂದರೆ ಮುನಿವೆಂಕಟಮ್ಮ ಮಾಳಿಗೆಯಿಂದ ಹಿಡಿ ಕಿತ್ತ ಹಳೆಯ ಬಕೆಟ್ಟು ಬಡಿಯುತ್ತಿದ್ದಳು. ಕಾಗೆ ಬಂದರೆ ಶಿವವ್ವ ಲಟ್ಟಣಿಗೆ ಹಿಡಿದು ಓಡುತ್ತಿದ್ದಳು. ಬಿಸಿಲು ಏರಿದ ಹಾಗೆ ನಲ್ಲಿ ನೀರು ನಿಂತು ಟ್ಯಾಂಕರ್ ಬರತೊಡಗಿತು. ಟ್ಯಾಂಕರಿನ ಪೈಪು ಸೋರಿ ರಸ್ತೆಯ ಗುಂಡಿಯಲ್ಲಿ ನಿಂತ ನೀರಿಗೆ ಟಿಟ್ಟಿಭ ಬಂದು, ಹೊಟ್ಟೆಯ ಪುಕ್ಕ ನೆನೆಸಿಕೊಂಡು ಹೋಗಿ ಮೊಟ್ಟೆಗಳ ಮೇಲೆ ಕೂರುತ್ತಿತ್ತು, ತಂಪಾಗಲಿ ಅಂತ. ಅದನ್ನು ಕಂಡ ಮೇಲೆ ಮುನಿವೆಂಕಟಮ್ಮ ಆ ಗುಂಡಿಗೆ ದಿನಾ ಒಂದು ಚೊಂಬು ನೀರು ಹೊಯ್ಯತೊಡಗಿದಳು. ರಸ್ತೆ ಗುಂಡಿ ಮುಚ್ಚಲು ಬಂದವರನ್ನು, “ಇಷ್ಟು ವರ್ಷ ಎಲ್ಲಿ ಹೋಗಿದ್ರಿ? ಮುಂದಿನ ತಿಂಗಳು ಬನ್ನಿ!” ಅಂತ ಅಟ್ಟಿದಳು. ಗುಂಡಿ ಬೇಕು ಅಂತ ಜಗಳ ಆಡಿದ ಹೆಂಗಸು ಬೆಂಗಳೂರಿನಲ್ಲಿ ಅವಳೊಬ್ಬಳೇ ಇರಬೇಕು.

ಒಂದು ಬೆಳಗ್ಗೆ ರೊಟ್ಟಿ ಸದ್ದು ನಡುವೆಯೇ ನಿಂತಿತು. ಮುನಿವೆಂಕಟಮ್ಮ ಹಾಲಿನ ಪಾತ್ರೆ ಒಲೆಯ ಮೇಲೇ ಬಿಟ್ಟು ಹೊರಗೆ ಬಂದಳು. ಶಿವವ್ವ ಸೈಟಿನ ಅಂಚಿನಲ್ಲಿ, ಕೈತುಂಬಾ ಜೋಳದ ಹಿಟ್ಟು ಮೆತ್ತಿಕೊಂಡು, ಬಾಯಿಗೆ ಅದೇ ಕೈ ಮುಚ್ಚಿಕೊಂಡು ನಿಂತಿದ್ದಳು. ಜಲ್ಲಿಯ ನಡುವೆ ನಾಲ್ಕು ಹತ್ತಿಯುಂಡೆ. ಪ್ರತಿಯೊಂದಕ್ಕೂ ಮೈಗಿಂತ ಉದ್ದದ ಎರಡೆರಡು ಕಾಲು.

“ನೋಡಿದೇನು ಯಕ್ಕಾ,” ಅಂದಳು ಶಿವವ್ವ, ಅವಳ ಜನ್ಮದಲ್ಲಿ ಅಷ್ಟು ಮೆತ್ತಗೆ ಮಾತಾಡಿದ್ದು ಅದೊಂದೇ ಸಲ. “ಬಂದ ದಿನಾನ ನಡೀತಾವ.”

ನಿಜಕ್ಕೂ ನಡೆದವು. ತಾಯಿ ಮುಂದೆ, ಮರಿಗಳು ಹಿಂದೆ, ಸೈಟು ದಾಟಿ ಸೀದಾ ರಸ್ತೆಗೆ. ರಸ್ತೆಯಾಚೆಯ ಕಲ್ಲುಗೋಡೆಯ ಕೆಳಗೆ ಮಳೆನೀರು ಹೋಗುವ ಕಿಂಡಿಯಿತ್ತು, ಅದರೊಳಗೆ ಹುಲ್ಲು, ಮರ, ನೆರಳು. ತಾಯಿಗೆ ಅದು ಗೊತ್ತಿತ್ತು. ಬೆಳಗಿನ ಟ್ರಾಫಿಕ್ಕಿಗೆ ಗೊತ್ತಿರಲಿಲ್ಲ.

ಮುನಿವೆಂಕಟಮ್ಮ ಪೊರಕೆ ಹಿಡಿದು ರಸ್ತೆಯ ನಡುವೆ ನಿಂತಳು. ಆಟೋ ನಿಂತಿತು, ಸ್ಕೂಲ್ ವ್ಯಾನು ನಿಂತಿತು. ಹಿಂದಿನಿಂದ ಒಂದು ದೊಡ್ಡ ಕಾರು ಹಾರನ್ ಹೊಡೆಯಿತು. “ಯಾವನೋ ಅವನು!” ಅಂತ ಪೊರಕೆ ಎತ್ತಿ ತಿರುಗಿದರೆ, ರವಿಕಿರಣ್. ಹೊಸ ಮುಹೂರ್ತದ ಮಾತಿಗೆ ಬಂದಿದ್ದ.

ಕಾರಿನಿಂದ ಇಳಿದವನ ಕಾಲ ಪಕ್ಕದಲ್ಲೇ ನಾಲ್ಕು ಮರಿಗಳೂ ತುರುತುರು ಓಡಿದವು. ತಂದೆ ಹಕ್ಕಿ ಮೇಲಿನಿಂದ ಅದೇ ಹಳೆಯ ಚೀರು ಚೀರಿ, ಅದೇ ಕಿವಿಯನ್ನು ಸವರಿ ಹೋಯಿತು. ಆ ಸದ್ದನ್ನು ಅವನು ಎಲ್ಲಿಯೂ ಮರೆಯುವ ಹಾಗಿರಲಿಲ್ಲ. ಹಕ್ಕಿ ನೋಡಿದ, ಅತ್ತೆಯನ್ನು ನೋಡಿದ, ಮುಖಕ್ಕೆಲ್ಲ ಹಿಟ್ಟು ಬಳಿದುಕೊಂಡ ಶಿವವ್ವನನ್ನು ನೋಡಿದ.

“ಅತ್ತೆ... ಇದಾ ನಿಮ್ಮ ಭೂತ?”

“ಹೂಂ ಕಣೋ. ಸುಖವಾಗಿ ಹೆರಿಗೆ ಆಯ್ತು. ನಾಲ್ಕು.”

“ನನ್ನ ಮಾನ ತೆಗೆದ್ರಲ್ಲ ಅತ್ತೆ! ಬಿಟಿಎಂ ಪೂರ್ತಿ ಹೇಳ್ಕೊಂಡು ಬಂದಿದ್ದೀನಿ. ಭೂತದ ಜೊತೆ ಹೋರಾಡಿ ಬಂದೆ ಅಂತ ಹೇಳಿದ್ದೀನಿ!”

ಶಿವವ್ವ ಸಮಾಧಾನ ಮಾಡಿದಳು. “ಹೋರಾಡಿದ್ದು ಖರೇನಲ್ಲೇನಪಾ. ಚಪ್ಪಲಿ ಬಿಟ್ಟು ಓಡಿದ್ದು ನಾವು ಯಾರಿಗೂ ಹೇಳಿಲ್ಲ.”

ಕೊನೆಯ ಮರಿ ಕಿಂಡಿಯೊಳಗೆ ನುಗ್ಗುವವರೆಗೂ ರವಿಕಿರಣ್ ಹಿಂದಿನ ಗಾಡಿಗಳಿಗೆ ಕೈ ಅಡ್ಡ ಹಿಡಿದು ನಿಂತೇ ಇದ್ದ. ಸ್ಕೂಲ್ ವ್ಯಾನಿನ ಮಕ್ಕಳು ಚಪ್ಪಾಳೆ ತಟ್ಟಿದಾಗ ಅವನಿಗೂ ನಗು ಬಂದುಬಿಟ್ಟಿತು. ಆಮೇಲೆ ಸೈಟಿನಲ್ಲಿ ಭೂತವಿತ್ತು ಅಂತ ಬಿಳೇಕಹಳ್ಳಿಯಲ್ಲಿ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವನು ಅವನೇ. ಹಕ್ಕಿಗೆ ಹೆದರಿದೆ ಅನ್ನುವುದಕ್ಕಿಂತ ಅದು ವಾಸಿ. ಒಲೆಯ ಮೇಲೆ ಬಿಟ್ಟ ಹಾಲು ಉಕ್ಕಿ ಹೋಗಿ, ಮುನಿವೆಂಕಟಮ್ಮನ ಮನೆಯಲ್ಲಿ ಅವತ್ತು ಎಲ್ಲರಿಗೂ ಕರಿ ಕಾಫಿ.

ಸೈಟಿನಲ್ಲಿ ಮನೆಯ ಕಂಬಗಳು ಎದ್ದವು, ತಾರಸಿಯ ಮಾತು ಬಂತು. ಅಷ್ಟರಲ್ಲಿ ಸಿರುಗುಪ್ಪದಿಂದ ಬಸವಂತನ ಫೋನು. ಈ ಸಲ ಶಿವವ್ವ ಕೂಗಲಿಲ್ಲ, ಕೇಳಿಸಿಕೊಂಡಳು. ಊರಾಚೆಯ ಬಯಲಿನಲ್ಲಿ ಕುರಿ ಕಾಯುವವನೊಬ್ಬ ಎರೆಭೂತ ಕಂಡೆ ಅಂದನಂತೆ. ಅವನು ಕುಡಿದಿದ್ದನೋ ಇಲ್ಲವೋ ತಿಳಿಯದು ಅಂದ ಬಸವಂತ. “ಕುಡದ್ರ ಏನಾತು, ಕಣ್ಣದಾವಲ್ಲ,” ಅಂದು ಶಿವವ್ವ ಚೀಲ ಕಟ್ಟಿದಳು. ಮಗಳು ಬಿಟಿಎಂನಲ್ಲೇ ಒಂದು ರೂಮು ಹಿಡಿದು ಇರುತ್ತಾಳೆ, ತಾನು ಕಂಡರೆ ಉಳಿಯುತ್ತೇನೆ, ಕಾಣದಿದ್ದರೆ ಕಾಣುವ ತನಕ ಉಳಿಯುತ್ತೇನೆ ಅಂದಳು. ಅಂದರೆ ವಾಪಸು ಬರುವುದಿಲ್ಲ ಅಂತ ಮುನಿವೆಂಕಟಮ್ಮನಿಗೆ ಅರ್ಥವಾಯಿತು. ಸುಳ್ಳು ಹೇಳದೆ ಹೇಳುವುದು ಹೀಗೆ.

ಆಟೋ ಬಂದು ನಿಂತಿತು. ಮುನಿವೆಂಕಟಮ್ಮ ಮಡಿಲಿಗೆ ಹುಣಸೆಹಣ್ಣಿನ ಉಂಡೆ ಕಟ್ಟಿಕೊಟ್ಟು, “ನಿನ್ನ ಭೂತದ ಹೆಸರು ಇನ್ನೂ ನಮ್ಮ ಹತ್ರಾನೇ ಐತಲ್ಲೇ. ಎರವಲು ವಾಪಸ್ ತಗೊಂಡು ಹೋಗಲ್ವಾ?” ಅಂತ ಛೇಡಿಸಿದಳು.

ಶಿವವ್ವ ಆಟೋದಿಂದ ತಲೆ ಹೊರಗೆ ಹಾಕಿದಳು. ಸೈಟಿನ ಕಡೆ, ಏಳುತ್ತಿದ್ದ ಕಂಬಗಳ ಕಡೆ ಒಮ್ಮೆ ನೋಡಿದಳು.

“ಇಟ್ಟುಕೋಬೇ. ಆದ್ರ ಒಂದು ಮಾತು ನಡಸಿಕೊಡು ಯಕ್ಕಾ. ತಾರಸಿ ಆದಮ್ಯಾಲೆ ಅದರ ಮ್ಯಾಲೆ ಒಂದು ಮೂಲ್ಯಾಗ ಎರಡು ಬುಟ್ಟಿ ಜಲ್ಲಿ ಹರವಿ ಬಿಡು. ಮುಂದಿನ ಬ್ಯಾಸಿಗಿಗೆ ಅವು ಜಾಗ ಹುಡಿಕ್ಕೊಂಡು ಬರ್ತಾವ. ಇದೇನು ಅಂತ ಯಾರಾರ ಕೇಳಿದ್ರ, ಭೂತಕ್ಕ ಹಾಸಿಗಿ ಅಂತ ಹೇಳು.”